ಮೂರು ಪ್ರಮಾಣವಚನ, ಒಂದು ಸೈನ್ಯ: ಓದು ಬಳಗಕ್ಕೊಂದು ಕೈಪಿಡಿ

ಜರ್ಮನಿಯ ಸೈನ್ಯ ಹಿಟ್ಲರನ ಸಿದ್ಧಾಂತಕ್ಕೆ ಹೇಗೆ ಒಗ್ಗಿತು ಎಂದು ಧಾರವಾಡದ ಯಾವ ಸ್ಟಡಿ ಸೆಂಟರಿನಲ್ಲಿ ಕೇಳಿದರೂ ಎರಡೇ ಉತ್ತರ ಬರುತ್ತವೆ: ಹೆದರಿಕೆಯಿಂದ, ಇಲ್ಲವೇ ಭಾಷಣಕ್ಕೆ ಮರುಳಾಗಿ. ಎರಡರಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಸೈನ್ಯವೆಂದರೆ ಕಾಗದದ ಮೇಲೆ ನಡೆಯುವ ಸಂಸ್ಥೆ. ಪ್ರಮಾಣವಚನ, ಸುತ್ತೋಲೆ, ಸಮವಸ್ತ್ರದ ಆದೇಶ, ಪಗಾರದ ಪಟ್ಟಿ, ಎಲ್ಲಕ್ಕೂ ತಾರೀಖು, ಸಹಿ ಇರುತ್ತವೆ. ಅಂಥ ಒಂಬತ್ತು ಕಾಗದಗಳನ್ನು ತಾರೀಖಿನ ಪ್ರಕಾರ ಸಾಲಾಗಿ ತೂಗುಹಾಕಿದರೆ ಕಾನೂನಿನ ಸೈನ್ಯವೊಂದು ಒಬ್ಬ ಮನುಷ್ಯನ ಸೈನ್ಯವಾದದ್ದು ಯಾವ ಸಾಲಿನಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಅದನ್ನು ಮೂರು ತಾಸಿನಲ್ಲಿ ಮಾಡುವ ವಿಧಾನ ಇಲ್ಲಿದೆ. ಪದವಿ ವಿದ್ಯಾರ್ಥಿಗಳು, ಬಿ.ಎಡ್. ಓದುವವರು, ಸಪ್ತಾಪುರದ ಸುತ್ತ ಪರೀಕ್ಷೆಗೆ ಕೂತವರು, ನಸುಕಿನಲ್ಲಿ ಕೆಸಿಡಿ ಮೈದಾನದಲ್ಲಿ ಮಿಲಿಟ್ರಿ ಭರ್ತಿಗೆಂದು ಓಡುವ ಹುಡುಗರು, ಎಲ್ಲರಿಗೂ ಇದು ನಡೆಯುತ್ತದೆ. ಓಡುವ ಹುಡುಗರು ಇದ್ದರೆ ಇನ್ನೂ ಛಲೋ. ಪ್ರಮಾಣ ಎಂಬ ಮಾತು ಅವರಿಗೆ ಪಠ್ಯದ್ದಲ್ಲ, ನಾಳೆ ಬಾಯಿಬಿಟ್ಟು ಹೇಳಬೇಕಾದದ್ದು.

ಸಾಮಾನು

24 ಜನಕ್ಕಿಂತ ಹೆಚ್ಚು ಬೇಡ. ನಾಲ್ಕು ನಾಲ್ಕು ಮಂದಿಯ ಆರು ಗುಂಪು ಮಾಡಿ. ಪ್ರತಿ ಗುಂಪಿಗೆ 8 ಹಾಳೆಯ ಒಂದು ಕಟ್ಟು ಮತ್ತು ಬೇರೆಯಾಗಿ ಒಂಬತ್ತನೆಯ ಹಾಳೆ, ನಿಮಗೂ ಅಷ್ಟೇ, ಒಟ್ಟು 63 ಹಾಳೆ. ಎ4, ಒಂದೇ ಬದಿ, ಅಕ್ಷರ 16 ಪಾಯಿಂಟ್. ಎರಡೂ ಬದಿ ಝೆರಾಕ್ಸ್ ಮಾಡಿಸಿ ಕಾಗದ ಉಳಿಸಲು ಹೋಗಬೇಡಿ. ಹಗ್ಗಕ್ಕೆ ತೂಗುಹಾಕಿದಾಗ ಹಿಂದಿನ ಬದಿ ಯಾರಿಗೂ ಕಾಣುವುದಿಲ್ಲ. ನುಡಿಯಲ್ಲಿ ಟೈಪ್ ಮಾಡಿದ್ದರೆ ಪಿಡಿಎಫ್ ಮಾಡಿಕೊಂಡೇ ಪೆನ್‌ಡ್ರೈವ್‌ಗೆ ಹಾಕಿ. ಹಾಗೇ ಒಯ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿ, ಹಿಂಡೆನ್‌ಬರ್ಗ್ ಅಂದರೆ ಯಾರು ಎಂದು ನಿಮಗೇ ತಿಳಿಯದಂತಾಗುತ್ತದೆ.

ಇವಲ್ಲದೆ ಗುಂಪಿಗೆ ಒಂದು ಕೆಂಪು, ಒಂದು ನೀಲಿ ಪೆನ್ಸಿಲ್, 5 ಮೀಟರ್ ನೈಲಾನ್ ಹಗ್ಗ, ಬಟ್ಟೆ ಒಣಗಿಸುವ ಹತ್ತು-ಹನ್ನೆರಡು ಕ್ಲಿಪ್. ಪ್ರೊಜೆಕ್ಟರ್ ಬೇಡವೇ ಬೇಡ. ಕರೆಂಟಿನ ಮಾತು ಬಿಡಿ, ಪರದೆ ಇದ್ದರೆ ಮಂದಿ ಚಿತ್ರ ನೋಡುತ್ತಾರೆ, ಸಾಲು ಓದುವುದಿಲ್ಲ. ವಿದ್ಯಾವರ್ಧಕ ಸಂಘದಂಥ ದೊಡ್ಡ ಸಭಾಂಗಣವೂ ಬೇಡ. ವೇದಿಕೆ ಕಂಡರೆ ಯಾರಾದರೂ ಭಾಷಣಕ್ಕೆ ನಿಲ್ಲುತ್ತಾರೆ.

ಒಂಬತ್ತು ಹಾಳೆಗಳು ಇವು. ಮೊದಲ ಮೂರು, 1919, 1933, 1934ರ ಪ್ರಮಾಣವಚನಗಳು. ನಾಲ್ಕನೆಯದು 1934ರ ಫೆಬ್ರವರಿಯ ಎರಡು ಆದೇಶಗಳ ಸಾರ. ಐದನೆಯದು ಜರ್ಮನ್ ಸೈನಿಕ ದಂಡಸಂಹಿತೆಯ 47ನೇ ಕಲಮು. ಆರು, ಏಳು, ಎಂಟು 1941ರವು: ಮೇ 13ರದು, ಜೂನ್ 6ರದು, ಅಕ್ಟೋಬರ್ 10ರದು. ಒಂಬತ್ತನೆಯದು ನಮ್ಮ ಭಾರತೀಯ ಸೈನಿಕನ ಪ್ರಮಾಣವಚನ, ಜೊತೆಗೆ 1950ರ ಸೇನಾ ಕಾಯ್ದೆಯ 41ನೇ ಕಲಮು. ಇದನ್ನು ಕಟ್ಟಿನಲ್ಲಿ ಸೇರಿಸಬೇಡಿ. ನಿಮ್ಮ ಚೀಲದಲ್ಲೇ ಇರಲಿ, ಕಡೆಯಲ್ಲಿ ಹಂಚಿ.

ಮೊದಲ ತಾಸು: ಯಾರಿಗೆ?

ಹಾಳೆ 1, 2, 3 ಮಾತ್ರ ಕೊಡಿ. ತಾರೀಖನ್ನು ಮಡಚಿ ಮುಚ್ಚಿರಿ. ಕೆಲಸ ಒಂದೇ: ಯಾರಿಗೆ ನಿಷ್ಠೆ ಎಂಬ ಪದಕ್ಕೆ ಕೆಂಪು ಗೆರೆ, ಏನು ಮಾಡುತ್ತೇನೆ ಎಂಬುದಕ್ಕೆ ನೀಲಿ ಗೆರೆ. ಹದಿನೈದು ನಿಮಿಷ ಸಾಕು.

ಹಾಳೆ 1ರ ಕನ್ನಡ ಹೀಗಿರಲಿ: "ರಾಷ್ಟ್ರದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆಂದು ಪ್ರಮಾಣ ಮಾಡುತ್ತೇನೆ. ಶೂರ ಸೈನಿಕನಾಗಿ ಜರ್ಮನ್ ರಾಷ್ಟ್ರವನ್ನೂ ಅದರ ಕಾನೂನುಬದ್ಧ ಸಂಸ್ಥೆಗಳನ್ನೂ ಸದಾ ಕಾಯುತ್ತೇನೆ, ಅಧ್ಯಕ್ಷರಿಗೂ ನನ್ನ ಮೇಲಧಿಕಾರಿಗಳಿಗೂ ವಿಧೇಯನಾಗಿರುತ್ತೇನೆ."

ಹಾಳೆ 2: "ನನ್ನ ಜನಕ್ಕೂ ಪಿತೃಭೂಮಿಗೂ ಸದಾ ನಿಷ್ಠೆಯಿಂದ, ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತೇನೆ, ಶೂರನೂ ವಿಧೇಯನೂ ಆದ ಸೈನಿಕನಾಗಿ ಈ ಪ್ರಮಾಣಕ್ಕಾಗಿ ಯಾವ ಹೊತ್ತಿನಲ್ಲೂ ಪ್ರಾಣ ಪಣಕ್ಕಿಡಲು ಸಿದ್ಧನಿರುತ್ತೇನೆ ಎಂದು ದೇವರ ಹೆಸರಿನಲ್ಲಿ ಈ ಪವಿತ್ರ ಪ್ರಮಾಣ ಮಾಡುತ್ತೇನೆ."

ಹಾಳೆ 3: "ಜರ್ಮನ್ ರಾಷ್ಟ್ರದ ಮತ್ತು ಜನರ ನಾಯಕ, ಸೈನ್ಯದ ಸರ್ವೋಚ್ಚ ದಂಡನಾಯಕ ಅಡಾಲ್ಫ್ ಹಿಟ್ಲರ್‌ಗೆ ಬೇಷರತ್ತಾಗಿ ವಿಧೇಯನಾಗಿರುತ್ತೇನೆ, ಶೂರ ಸೈನಿಕನಾಗಿ ಈ ಪ್ರಮಾಣಕ್ಕಾಗಿ ಯಾವ ಹೊತ್ತಿನಲ್ಲೂ ಪ್ರಾಣ ಪಣಕ್ಕಿಡಲು ಸಿದ್ಧನಿರುತ್ತೇನೆ ಎಂದು ದೇವರ ಹೆಸರಿನಲ್ಲಿ ಈ ಪವಿತ್ರ ಪ್ರಮಾಣ ಮಾಡುತ್ತೇನೆ."

ಅನುವಾದದಲ್ಲಿ ಎಡವುವುದು ಇಲ್ಲೇ. ಮೂರನೆಯದರ ಜರ್ಮನ್ ಪದ 'ಉನ್‌ಬೆಡಿಂಗ್ಟ್'. ಅದನ್ನು 'ಸಂಪೂರ್ಣ' ಎಂದು ಬರೆದರೆ ಕಮ್ಮಟ ಅಲ್ಲಿಗೇ ಕೆಟ್ಟಿತು. ಸಂಪೂರ್ಣ ವಿಧೇಯತೆಯನ್ನು ಶಾಲೆಯ ಮಾಸ್ತರರೂ ಕೇಳುತ್ತಾರೆ. ಷರತ್ತೇ ಇಲ್ಲದ್ದು ಎಂಬುದೇ ಅದರ ಅರ್ಥ. 'ಬೇಷರತ್' ಎಂಬ ಪದ ನಮ್ಮ ಭಾಗದ ಕೋರ್ಟ್-ಕಚೇರಿಯ ಮಾತಿನಲ್ಲಿ ಬಳಕೆಯಲ್ಲಿದೆ, ಅದನ್ನೇ ಇಡಿ.

ಗೆರೆ ಎಳೆದ ಮೇಲೆ ಕೇಳಿ: ಈ ಮೂರರಲ್ಲಿ ನೀವು ಯಾವುದನ್ನು ಸ್ವೀಕರಿಸುತ್ತೀರಿ? ಬಹಳ ಮಂದಿ ಎರಡನೆಯದಕ್ಕೆ ಕೈ ಎತ್ತುತ್ತಾರೆ. ಜನ, ನೆಲ, ದೇವರು, ಪ್ರಾಣಾರ್ಪಣೆ ಎಲ್ಲ ಇದೆ, ಯಾವ ಮನುಷ್ಯನ ಹೆಸರೂ ಇಲ್ಲ. ಮೊದಲನೆಯದು ಗ್ರಾಮ ಪಂಚಾಯಿತಿ ನೋಟಿಸಿನ ಹಾಗೆ ಒಣಗಿ ಕೂತಿದೆ. ಆಗ ತಾರೀಖು ಬಿಚ್ಚಿಸಿ. ಎರಡನೆಯದು 1933ರ ಡಿಸೆಂಬರಿನದು, ಹಿಟ್ಲರ್ ಚಾನ್ಸಲರ್ ಆಗಿ ಹನ್ನೊಂದನೇ ತಿಂಗಳು. ಮೊದಲ ಹಾಳೆಯ ಕೆಂಪು ಗೆರೆಗಳನ್ನು ಎಣಿಸಿ: ಸಂವಿಧಾನ, ರಾಷ್ಟ್ರ, ಕಾನೂನುಬದ್ಧ ಸಂಸ್ಥೆಗಳು, ಅಧ್ಯಕ್ಷ, ಮೇಲಧಿಕಾರಿಗಳು. ಎರಡನೆಯದರಲ್ಲಿ ಉಳಿದದ್ದು ಜನ ಮತ್ತು ಪಿತೃಭೂಮಿ. ಸಂವಿಧಾನ ಎಂಬ ಪದ ಹೋಗಿದೆ, ಕಾನೂನುಬದ್ಧ ಎಂಬ ಪದವೂ ಹೋಗಿದೆ. ಕಿವಿಗೆ ಹೆಚ್ಚು ಇಂಪಾಗಿ ಕೇಳುವ ಪ್ರಮಾಣದಲ್ಲೇ ಬುಡ ಕಿತ್ತುಹೋಗಿತ್ತು. ಜನ ಎಂದರೆ ಯಾರು, ನಾಡಿಗೆ ಯಾವುದು ಹಿತ ಎಂದು ಹೇಳುವವನೊಬ್ಬ ಬರುವವರೆಗೆ ಆ ಜಾಗ ಖಾಲಿ ಇತ್ತು. ಎಂಟು ತಿಂಗಳಲ್ಲಿ ಅಲ್ಲಿಗೆ ಒಂದು ಹೆಸರು ಬಂದು ಕೂತಿತು.

ಈ ಮಾತನ್ನು ನೀವು ಹೇಳಬೇಡಿ. ಗುಂಪಿನಿಂದ ಯಾರಾದರೂ ಹೇಳುವ ತನಕ ಸುಮ್ಮನಿರಿ, ಐದು ನಿಮಿಷ ಹಿಡಿದರೂ ಸರಿ. ಮಾಸ್ತರಿಕೆ ಮಾಡಿದವರಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ.

ಆಮೇಲೆ ಮೂರನೆಯದರ ಹಿನ್ನೆಲೆ ಹೇಳಿ. 1934ರ ಆಗಸ್ಟ್ 2ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡ. ಅದೇ ದಿನ ದೇಶದ ಠಾಣ್ಯಗಳಲ್ಲೆಲ್ಲ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ ಹೊಸ ಪ್ರಮಾಣ ಮಾಡಿಸಿದರು. ಅದಕ್ಕೆ ಕಾನೂನು ಬಂದದ್ದು ಆಗಸ್ಟ್ 20ಕ್ಕೆ. ಅಂದರೆ ಪ್ರಮಾಣ ಮೊದಲು, ಕಾಯ್ದೆ ಹದಿನೆಂಟು ದಿನ ತಡ. ಇನ್ನೊಂದು: ಈ ಒಕ್ಕಣೆಯನ್ನು ಸಿದ್ಧಪಡಿಸಿದ್ದು ನಾಜಿ ಪಕ್ಷದ ಕಚೇರಿಯಲ್ಲಲ್ಲ, ಸೈನ್ಯದ ಸಚಿವಾಲಯದಲ್ಲಿ, ಸಚಿವ ಜನರಲ್ ಬ್ಲೋಂಬರ್ಗ್ ಮತ್ತು ಅವನ ಕೆಳಗಿದ್ದ ರೈಖೆನಾವ್ ಮುಂದೆ ನಿಂತು. ರೈಖೆನಾವ್ ಎಂಬ ಹೆಸರನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ಎರಡು ತಾಸಿನ ಮೇಲೆ ಮತ್ತೆ ಬರುತ್ತದೆ.

ಹಾಳೆ 4: ಎದೆಯ ಮೇಲಿನ ಹದ್ದು

ಸೈನ್ಯ ಕೇಳುವ ಮೊದಲೇ ಯಾಕೆ ಕೊಟ್ಟಿತು? ಈ ಪ್ರಶ್ನೆ ತಾನಾಗಿ ಬರುತ್ತದೆ, ಉತ್ತರವನ್ನು ಲೆಕ್ಕದಲ್ಲಿ ಹೇಳಿ. ಮೊದಲ ಮಹಾಯುದ್ಧದ ನಂತರದ ವರ್ಸೈಲ್ಸ್ ಒಪ್ಪಂದದಂತೆ ಜರ್ಮನ್ ಭೂಸೇನೆ 1,00,000 ಮೀರುವಂತಿರಲಿಲ್ಲ. ಅದೇ ಹೊತ್ತಿಗೆ ನಾಜಿ ಪಕ್ಷದ ಸ್ವಂತ ದಳವಾದ, ರ್ಯೋಮ್‌ನ ಮುಂದಾಳತ್ವದ ಕಂದು ಅಂಗಿ ಪಡೆ ಸುಮಾರು 30 ಲಕ್ಷಕ್ಕೆ ಬೆಳೆದಿತ್ತು, ತಾನೇ ಹೊಸ ಸೈನ್ಯ ಆಗುತ್ತೇನೆಂದು ಹೊರಟಿತ್ತು. ಅದನ್ನು ತಡೆಯಲು ಸೇನಾಧಿಪತಿಗಳು ತಾವೇ ಹೆಚ್ಚು ನಂಬಿಗಸ್ತರು ಎಂದು ತೋರಿಸಿಕೊಳ್ಳಲು ಹೊರಟರು. 1934ರ ಫೆಬ್ರವರಿ 17ರ ಆದೇಶದಿಂದ ಸ್ವಸ್ತಿಕ ಹಿಡಿದ ಹದ್ದಿನ ಲಾಂಛನ ಸಮವಸ್ತ್ರದ ಬಲ ಎದೆಗೆ ಬಂತು. ಫೆಬ್ರವರಿ 28ಕ್ಕೆ ಯಹೂದಿ ಮೂಲದವರನ್ನು ಸರ್ಕಾರಿ ನೌಕರಿಯಿಂದ ಹೊರಗಿಡುವ 'ಆರ್ಯ' ನಿಯಮ ಸೈನ್ಯಕ್ಕೂ ಅನ್ವಯವಾಯಿತು. ಹಳೆಯ ಯುದ್ಧದಲ್ಲಿ ರಣರಂಗ ಕಂಡವರನ್ನು ಬಿಟ್ಟು ಯಹೂದಿ ಮೂಲದ ಸುಮಾರು 70 ಮಂದಿಯನ್ನು ಹೊರಹಾಕಿದರು. ಜೂನ್ 30ರಂದು ರ್ಯೋಮ್‌ನ ಪಡೆಯ ಮುಖಂಡರನ್ನು ನಾಜಿ ಪಕ್ಷದ ಇನ್ನೊಂದು ಸಶಸ್ತ್ರ ದಳವಾದ ಎಸ್‌ಎಸ್ ಕೊಲ್ಲಹೊರಟಾಗ ಬಂದೂಕು, ವಾಹನ ಒದಗಿಸಿದ್ದು ಸೈನ್ಯ. ಅದೇ ಕೊಲೆಗಳಲ್ಲಿ ಶ್ಲೈಖರ್, ಬ್ರೆಡೋ ಎಂಬ ಸೈನ್ಯದವರೇ ಆದ ಇಬ್ಬರು ಜನರಲ್‌ಗಳೂ ಸತ್ತರು. ಸೈನ್ಯ ತುಟಿ ಬಿಚ್ಚಲಿಲ್ಲ.

70 ಸಣ್ಣ ಸಂಖ್ಯೆ, ಹುಡುಗರು ಅದನ್ನು ದಾಟಿ ಹೋಗಲು ನೋಡುತ್ತಾರೆ. ಬಿಡಬೇಡಿ. ಒಂದು ಲಕ್ಷದ ಸೈನ್ಯಕ್ಕೆ 70 ಮಂದಿ ಹೋದರೆ ಬಲವೇನೂ ಕುಗ್ಗುವುದಿಲ್ಲ. ಅದಕ್ಕೇ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಸೈನಿಕನ ಅರ್ಹತೆ ಅವನ ಕೆಲಸದಿಂದಲ್ಲ, ಹುಟ್ಟಿನಿಂದ ಎಂದು ಸೈನ್ಯ ಬರೆದು ಒಪ್ಪಿಕೊಂಡಂತಾಯಿತು.

ಇಲ್ಲೊಂದು ಸ್ಥಳೀಯ ತೊಡಕಿದೆ. ಸ್ವಸ್ತಿಕ ಎಂದ ಕೂಡಲೇ ನಮ್ಮ ಹೊಸ್ತಿಲ ಮೇಲಿನದು, ದೀಪಾವಳಿ ಪೂಜೆಯ ಲೆಕ್ಕದ ಪುಸ್ತಕದ ಮೇಲಿನದು ನೆನಪಾಗಿ ಚರ್ಚೆ ಅಲ್ಲೇ ಸುತ್ತತೊಡಗುತ್ತದೆ. ಎರಡು ನಿಮಿಷದಲ್ಲಿ ಮುಗಿಸಿ: ಜರ್ಮನರು ಅದನ್ನು ಕೊಕ್ಕೆ ಶಿಲುಬೆ ಎನ್ನುತ್ತಿದ್ದರು, ಅದರ ಅರ್ಥ ಅಲ್ಲಿ ಹುಟ್ಟಿದ್ದು, ಅಲ್ಲಿನ ಕೆಲಸಕ್ಕೆ ಬಳಕೆಯಾದದ್ದು. ಮುಂದಕ್ಕೆ ಹೋಗಿ.

ಚಾ ಬಿಡುವಿನ ಮುಂಚೆ ಪಗಾರದ ವಿಷಯ ಹೇಳಿಬಿಡಿ, ಬಿಡುವಿನಲ್ಲಿ ಗಿರ್ಮಿಟ್ ತಿನ್ನುತ್ತ ಅದನ್ನೇ ಮಾತಾಡುತ್ತಾರೆ. ಯುದ್ಧಕಾಲದಲ್ಲಿ ಫೀಲ್ಡ್ ಮಾರ್ಷಲ್‌ಗಳಿಗೆ ಹಿಟ್ಲರನ ಗುಪ್ತ ನಿಧಿಯಿಂದ ಪಗಾರದ ಮೇಲೆ ತಿಂಗಳಿಗೆ 4,000 ರೈಖ್ಸ್‌ಮಾರ್ಕ್ ತೆರಿಗೆಯಿಲ್ಲದೆ ಬರುತ್ತಿತ್ತು. ಕೆಲವರಿಗೆ ಜಮೀನು, ಎಸ್ಟೇಟುಗಳೂ ಸಿಕ್ಕವು. ಯುದ್ಧ ಮುಗಿದ ಮೇಲೆ 'ಪ್ರಮಾಣಕ್ಕೆ ಕಟ್ಟುಬಿದ್ದಿದ್ದೆವು' ಎಂದವರಲ್ಲಿ ಈ ಹಣ ತೆಗೆದುಕೊಂಡವರೂ ಇದ್ದರು.

ಯುದ್ಧದ ಹಾಳೆಗಳು

ಹಾಳೆ 5 ಮತ್ತು 6 ಒಟ್ಟಿಗೆ ಕೊಡಿ. ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಕೊಟ್ಟರೆ ಪರಿಣಾಮ ಹೋಗುತ್ತದೆ.

ಹಾಳೆ 5, 47ನೇ ಕಲಮು, 1872ರ ಸಂಹಿತೆಯದು. ಅಪರಾಧ ಮಾಡಿಸುವುದೇ ಆದೇಶದ ಉದ್ದೇಶ ಎಂದು ಗೊತ್ತಿದ್ದೂ ಪಾಲಿಸಿದ ಸೈನಿಕ ತಾನೂ ಶಿಕ್ಷೆಗೆ ಗುರಿ ಎನ್ನುತ್ತದೆ ಅದು. ನಾಜಿಗಳು ಇದನ್ನು ರದ್ದು ಮಾಡಲೇ ಇಲ್ಲ, ಯುದ್ಧದುದ್ದಕ್ಕೂ ಪುಸ್ತಕದಲ್ಲಿ ಹಾಗೇ ಇತ್ತು. ಹಾಳೆ 6, ಸೋವಿಯತ್ ದೇಶದ ಮೇಲೆ ದಾಳಿಗೆ ಐದೂವರೆ ವಾರ ಮುಂಚಿನ 1941ರ ಮೇ 13ರ ಆದೇಶ: ಅಲ್ಲಿನ ನಾಗರಿಕರ ಮೇಲೆ ನಮ್ಮ ಸೈನಿಕ ಎಸಗುವ ಕೃತ್ಯಕ್ಕೆ ಮೊಕದ್ದಮೆ ಹೂಡುವುದು ಕಡ್ಡಾಯವಲ್ಲ. ಗುಂಪಿನವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಕಾನೂನನ್ನು ತೆಗೆಯಲಿಲ್ಲ, ಮೊಕದ್ದಮೆಯನ್ನು ತೆಗೆದರು. ಕಾಯ್ದೆ ಓದುವ ಹುಡುಗ ಒಬ್ಬನಿದ್ದರೂ ಇದನ್ನು ಥಟ್ಟನೆ ಹಿಡಿಯುತ್ತಾನೆ.

ಹಾಳೆ 7, ಜೂನ್ 6ರ ಕಮಿಸಾರ್ ಆದೇಶ. ಕೆಂಪು ಸೇನೆಯ ರಾಜಕೀಯ ಅಧಿಕಾರಿಗಳು ಸೆರೆ ಸಿಕ್ಕರೆ ಯುದ್ಧಕೈದಿಗಳೆಂದು ಗಣಿಸದೆ ಕೊಲ್ಲಬೇಕು. ಸೆರೆಯಾಳನ್ನು ಸಿದ್ಧಾಂತ ನೋಡಿ ಕೊಲ್ಲು ಎಂದು ಎಸ್‌ಎಸ್‌ಗೆ ಅಲ್ಲ, ಸಾಮಾನ್ಯ ಸೈನ್ಯಕ್ಕೆ ಬರೆದು ಕೊಟ್ಟದ್ದು ಇದು. ಇದರಿಂದ ಎದುರಾಳಿಗಳು ಶರಣಾಗುವ ಬದಲು ಕಡೆತನಕ ಕಾದಾಡುತ್ತಾರೆಂದು ರಣರಂಗದ ಅಧಿಕಾರಿಗಳೇ ದೂರಿದ ಮೇಲೆ 1942ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಜರ್ಮನರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಕೈದಿಗಳಲ್ಲಿ 33 ಲಕ್ಷದಷ್ಟು ಮಂದಿ ಸತ್ತರು, ಬಹುಪಾಲು ಹಸಿವಿನಿಂದ, ಚಳಿಯಿಂದ, ರೋಗದಿಂದ. ಆ ಶಿಬಿರಗಳನ್ನು ನಡೆಸಿದ್ದು ಸೈನ್ಯ.

ಹಾಳೆ 8 ಹಂಚುವಾಗ ಹಲಗೆಯ ಮೂಲೆಯ ಹೆಸರನ್ನು ತೋರಿಸಿ. 1941ರ ಅಕ್ಟೋಬರ್ 10ರ ಆದೇಶಕ್ಕೆ ಸಹಿ ಹಾಕಿದವನು ಅದೇ ರೈಖೆನಾವ್, ಈಗ ಫೀಲ್ಡ್ ಮಾರ್ಷಲ್, 6ನೇ ಸೇನೆಯ ದಂಡನಾಯಕ. ಪೂರ್ವದಲ್ಲಿ ಸೈನಿಕ ಯುದ್ಧನಿಯಮದ ಪ್ರಕಾರ ಕಾದುವವನಷ್ಟೇ ಅಲ್ಲ, ಜನಾಂಗದ ಸಿದ್ಧಾಂತವನ್ನು ಹೊತ್ತವನು, ಯಹೂದಿಗಳಿಗೆ ಕೊಡುವ ಕಠೋರ ಶಿಕ್ಷೆಯ ಅಗತ್ಯವನ್ನು ಅವನು ಪೂರ್ತಿ ಮನಗಾಣಬೇಕು ಎಂಬುದು ಅದರ ಸಾರ. ಇದಕ್ಕೆ ಹನ್ನೊಂದು ದಿನ ಮೊದಲು, ಸೆಪ್ಟೆಂಬರ್ 29 ಮತ್ತು 30ರಂದು, ಅವನ ಸೇನೆಯ ಹಿಡಿತದಲ್ಲಿದ್ದ ಕೀವ್ ನಗರದ ಬಾಬಿ ಯಾರ್ ಕಣಿವೆಯಲ್ಲಿ 33,771 ಯಹೂದಿಗಳನ್ನು ಕೊಂದಿದ್ದರು. ಇದು ಕೊಂದವರೇ ಬರೆದಿಟ್ಟ ಲೆಕ್ಕ. 1934ರಲ್ಲಿ ಪ್ರಮಾಣದ ಒಕ್ಕಣೆ ಬರೆಸಿದ ಕೈಯಿಂದ 1941ರ ಈ ಹಾಳೆಗೆ ಏಳು ವರ್ಷ. ಹಗ್ಗದ ಮೇಲೆ ಹಾಳೆ 3ರಿಂದ ಹಾಳೆ 8ರ ತನಕ ಒಬ್ಬರನ್ನು ನಡೆಯಲು ಹೇಳಿ. ನಾಲ್ಕು ಹೆಜ್ಜೆ ಆಗುತ್ತದೆ.

ಈ ಹೊತ್ತಿಗೆ ಕೋಣೆ ಮೌನವಾಗಿರುತ್ತದೆ. ಕೊಲೆಯ ಫೋಟೊ ತೋರಿಸಿ ಇನ್ನಷ್ಟು ಗಾಢ ಮಾಡುವ ಆಸೆ ಬರುತ್ತದೆ. ಬೇಡ. ಅಂತರ್ಜಾಲದ ಫೋಟೊಗಳ ಅಡಿಬರಹ ನಂಬುವಂಥದ್ದಲ್ಲ. ಜರ್ಮನ್ ಸೈನ್ಯದ ಅಪರಾಧಗಳ ಬಗ್ಗೆ ಹ್ಯಾಂಬರ್ಗ್‌ನ ಸಂಶೋಧಕರು 1995ರಿಂದ ಊರೂರು ಒಯ್ದ ಪ್ರದರ್ಶನವನ್ನೇ ನೋಡಿ: ಸುಮಾರು 1,400 ಫೋಟೊಗಳಲ್ಲಿ 20ಕ್ಕಿಂತ ಕಡಿಮೆ ಫೋಟೊಗಳು ಬೇರೆಯವರ ಕೃತ್ಯದವು ಎಂದು ತಿಳಿದುಬಂತು. ಅಷ್ಟಕ್ಕೇ 1999ರಲ್ಲಿ ಇಡೀ ಪ್ರದರ್ಶನ ನಿಲ್ಲಿಸಿ, ಎಲ್ಲ ಪರಿಶೀಲಿಸಿ, 2001ರಲ್ಲಿ ಹೊಸದಾಗಿ ತೆರೆಯಬೇಕಾಯಿತು. ಮುಖ್ಯ ವಾದ ಸರಿಯಾಗಿಯೇ ಇತ್ತು. ತಪ್ಪು ಅಡಿಬರಹ ಅದನ್ನು ಅಲ್ಲಗಳೆಯುವವರ ಕೈಗೆ ಕೋಲು ಕೊಟ್ಟಿತು.

'ಒಲ್ಲೆ ಅಂದಿದ್ದರೆ ಗುಂಡು ಹಾಕ್ತಿದ್ದರಲ್ರೀ ಸರ್?'

ಈ ಪ್ರಶ್ನೆ ತಪ್ಪದೆ ಬರುತ್ತದೆ, ಇದಕ್ಕೆ ಹದಿನೈದು ನಿಮಿಷ ಎತ್ತಿಡಿ. ಎರಡು ಬೇರೆ ಸಂಗತಿಗಳನ್ನು ಬೇರೆಯಾಗಿಯೇ ಇಡಬೇಕು. ಸೈನ್ಯ ಬಿಟ್ಟು ಓಡಿದರೆ ಸಾವು ನಿಜ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ತನ್ನ 48 ಮಂದಿಯನ್ನು ಕೊಂದರೆ, ಎರಡನೆಯದರಲ್ಲಿ ಸೈನಿಕ ನ್ಯಾಯಾಲಯಗಳ ತೀರ್ಪಿನಿಂದ 15,000ಕ್ಕೂ ಹೆಚ್ಚು ಸೈನಿಕರು ಸತ್ತರು. ಆದರೆ ನಿರಾಯುಧ ನಾಗರಿಕರನ್ನು ಕೊಲ್ಲಲು ಒಲ್ಲೆ ಎಂದದ್ದಕ್ಕೆ ಮರಣದಂಡನೆಯಾಯಿತು ಎಂಬ ಒಂದು ಪ್ರಕರಣವನ್ನೂ ಯುದ್ಧಾನಂತರದ ನೂರಾರು ವಿಚಾರಣೆಗಳಲ್ಲಿ ಆರೋಪಿಗಳ ವಕೀಲರು ದಾಖಲೆ ಸಮೇತ ತೋರಿಸಲಾಗಲಿಲ್ಲ.

ಗ್ರೋಸ್ಕುರ್ಟ್ ಎಂಬ ಲೆಫ್ಟಿನೆಂಟ್ ಕರ್ನಲ್‌ನ ಪ್ರಸಂಗ ಇಲ್ಲಿ ಹೇಳಿ. 1941ರ ಆಗಸ್ಟಿನಲ್ಲಿ ಉಕ್ರೇನಿನ ಬಿಲಾ ಟ್ಸೆರ್ಕ್ವಾದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಸುಮಾರು 90 ಯಹೂದಿ ಮಕ್ಕಳನ್ನು ಕೊಲ್ಲುವುದನ್ನು ಅವನು ತಡೆಹಿಡಿದ, ಮೇಲಕ್ಕೆ ಬರೆದ. ತೀರ್ಮಾನ ರೈಖೆನಾವ್‌ಗೆ ಹೋಯಿತು, ಅವನು ಕೊಲ್ಲಲು ಒಪ್ಪಿದ, ಮಕ್ಕಳು ಸತ್ತರು. ಗ್ರೋಸ್ಕುರ್ಟ್‌ಗೆ ಸಿಕ್ಕದ್ದು ಛೀಮಾರಿ. ಹಾಗೆಂದು ಎಲ್ಲರಿಗೂ ಛೀಮಾರಿಯಲ್ಲೇ ಮುಗಿಯಿತು ಎನ್ನಬೇಡಿ. ವಿಲ್ನಾದಲ್ಲಿ ಯಹೂದಿಗಳನ್ನು ಸೈನ್ಯದ ಲಾರಿಯಲ್ಲಿ ಪಾರು ಮಾಡಿದ ಸಾರ್ಜೆಂಟ್ ಆಂಟೊನ್ ಶ್ಮಿಡ್‌ನನ್ನು 1942ರ ಏಪ್ರಿಲ್ 13ರಂದು ಗುಂಡಿಟ್ಟು ಕೊಂದರು. ಕೊಲ್ಲದೆ ಇರುವುದಕ್ಕೂ ಉಳಿಸುವುದಕ್ಕೂ ಬೆಲೆ ಬೇರೆ ಬೇರೆ ಇತ್ತು.

ಬೇರೆ ಸೈನ್ಯಗಳು, ಬೇರೆ ಕೀಲಿ

ಇದಕ್ಕೆ ಇಪ್ಪತ್ತು ನಿಮಿಷ, ಬಾಯಿಮಾತಿನಲ್ಲೇ ಸಾಕು. ಜರ್ಮನಿಯಲ್ಲಿ ಕೀಲಿ ಒಬ್ಬನ ಹೆಸರಿನಲ್ಲಿತ್ತು. ಸೋವಿಯತ್‌ನಲ್ಲಿ 1918ರಿಂದಲೇ ದಂಡನಾಯಕನ ಪಕ್ಕ ಪಕ್ಷದ ಕಮಿಸಾರ್ ನಿಂತ. ಸ್ಟಾಲಿನ್‌ಗೆ ಸೈನ್ಯದ ಮೇಲೆ ನಂಬಿಕೆ ತಪ್ಪಿದ ಹೊತ್ತಿನಲ್ಲಿ ಕಮಿಸಾರ್‌ನ ಅಧಿಕಾರ ಹೆಚ್ಚುತ್ತಿತ್ತು, ಮತ್ತೆ ಕಡಿಮೆಯಾಗುತ್ತಿತ್ತು. 1942ರ ಅಕ್ಟೋಬರಿನಲ್ಲಿ ದಂಡನಾಯಕನೊಬ್ಬನ ಮಾತೇ ಅಂತಿಮ ಎಂದಾಯಿತು. ಪಕ್ಕದಲ್ಲಿ ಕಮಿಸಾರ್ ಇದ್ದದ್ದೂ ಸಾಲಲಿಲ್ಲ: ಸ್ಟಾಲಿನ್ ತನಗೆ ನಂಬಿಕೆಯಿಲ್ಲದವರನ್ನು ಕೊಲ್ಲಿಸಿದ 1937-38ರ 'ಶುದ್ಧೀಕರಣ'ದಲ್ಲಿ ಐವರು ಮಾರ್ಷಲ್‌ಗಳಲ್ಲಿ ಮೂವರು ಸತ್ತರು. ಚೀನಾದಲ್ಲಿ ಸೈನ್ಯವೇ ಪಕ್ಷದ್ದು. 1929ರ ಗುಟಿಯಾನ್ ಸಭೆಯಿಂದ ಈ ನಿಯಮ ಗಟ್ಟಿಯಾಯಿತು. 1989ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ಅಡಗಿಸಲು ಬೀಜಿಂಗ್‌ಗೆ ಪಡೆ ಒಯ್ಯುವ ಆದೇಶ ಬಂದಾಗ 38ನೇ ಸೇನೆಯ ದಂಡನಾಯಕ ಷೂ ಚಿನ್‌ಶಿಯಾನ್ ಒಲ್ಲೆ ಎಂದ. ಅವನಿಗೆ ಐದು ವರ್ಷ ಸೆರೆ. ಅವನ ಸೇನೆ ಅವನಿಲ್ಲದೆಯೇ ಬೀಜಿಂಗ್‌ಗೆ ಹೋಯಿತು.

ಚರ್ಚೆ ಇಂದಿನ ಪಕ್ಷಗಳ ಕಡೆ ಹೊರಳಿದರೆ ಬೈಯಬೇಡಿ, ತಡೆಯಲೂ ಬೇಡಿ. 'ಯಾವ ಹಾಳೆ?' ಎಂದಷ್ಟೇ ಕೇಳಿ. ಹಾಳೆ ತೋರಿಸಲಾಗದ ವಾದ ತಾನಾಗಿ ಕೂರುತ್ತದೆ.

ಇನ್ನೊಂದು ಎಚ್ಚರ. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಿಂದ ಬಂದವರ ಗುಂಪಿನಲ್ಲಿ ಅಣ್ಣನೋ ಕಾಕಾನೋ ಮಿಲಿಟ್ರಿಯಲ್ಲಿರುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಸೈನ್ಯವನ್ನೇ ಹೀಗಳೆಯುತ್ತಿದ್ದೀರಿ ಎಂದು ಅವರಿಗೆ ಅನಿಸಬಾರದು. ಊರಿನ ನಿವೃತ್ತ ಸುಬೇದಾರ್ ಸಾಹೇಬರೊಬ್ಬರನ್ನು ಮೊದಲೇ ಕೇಳಿಕೊಂಡು ಕರೆಸಿ. ಅತಿಥಿಯಾಗಿ ಅಲ್ಲ, ಶಾಲು-ಹಾರ ಬೇಡ, ಗುಂಪಿನಲ್ಲೊಬ್ಬರಾಗಿ ಕೂರಲಿ. ಹಾಳೆ 9 ತೆಗೆಯುವ ಹೊತ್ತಿಗೆ ಅದನ್ನು ಅವರೇ ಓದಲಿ.

ಅದರಲ್ಲಿ ಮೊದಲು ಬರುವುದು ಕಾನೂನಿನಂತೆ ಸ್ಥಾಪಿತವಾದ ಭಾರತದ ಸಂವಿಧಾನ. ಆಮೇಲೆ ರಾಷ್ಟ್ರಪತಿಯ ಮತ್ತು ಮೇಲಧಿಕಾರಿಗಳ ಆದೇಶ, ಪ್ರಾಣಕ್ಕೆ ಅಪಾಯವಿದ್ದರೂ. ಯಾವ ಮನುಷ್ಯನ ಹೆಸರೂ ಇಲ್ಲ. ಕೆಳಗಿನ 41ನೇ ಕಲಮು ಅವಿಧೇಯತೆಗೆ ಶಿಕ್ಷೆ ಹೇಳುತ್ತದೆ, ಆದರೆ ಅಲ್ಲಿ 'ಆದೇಶ' ಎಂಬುದರ ಹಿಂದೆ 'ಕಾನೂನುಬದ್ಧ' ಎಂಬ ಪದವಿದೆ. ಕೆಂಪು ಪೆನ್ಸಿಲ್ ಮತ್ತೆ ಕೊಡಿ. ಗೆರೆ ಎಲ್ಲಿ ಬೀಳಬೇಕೆಂದು ಈಗ ಯಾರಿಗೂ ಹೇಳಬೇಕಿಲ್ಲ.

ಕೊನೆಗೆ ಮೊದಲ ಎಂಟು ಹಾಳೆಗಳನ್ನು ಎಣಿಸಿ ಹಿಂದಕ್ಕೆ ತೆಗೆದುಕೊಳ್ಳಿ, ನಿಮ್ಮ ಕಟ್ಟೂ ಸೇರಿ 56 ಆಗಬೇಕು. ಒಂಬತ್ತನೆಯದನ್ನು ಬೇಕೆಂದವರು ಒಯ್ಯಲಿ. ಹಾಳೆ 2 ಮತ್ತು 3ರ ಫೋಟೊ ತೆಗೆಯಲು ಬಿಡಬೇಡಿ. ತಾರೀಖು ಕತ್ತರಿಸಿಹೋದ ಎರಡನೆಯ ಪ್ರಮಾಣ ಸಂಜೆಯೊಳಗೆ ಯಾವುದಾದರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುಭಾಷಿತವಾಗಿ ಬಂದಿರುತ್ತದೆ.